ಎರಡು ನಿಮಿಷ ಹತ್ತು ಸೆಕೆಂಡು

ಆ ಆಫೀಸಿನಲ್ಲಿ ಯಾವ ಹೊಸ ವೆಬ್‌ಸೈಟು ತಯಾರಾದರೂ, ಅದನ್ನು ಜನರ ಕೈಗೆ ಬಿಡುವ ಮೊದಲು ಒಮ್ಮೆ ಪುಟ್ಟಕ್ಕನನ್ನು ಕೂರಿಸಿ ನೋಡುತ್ತಿದ್ದರು. ಪುಟ್ಟಕ್ಕ ಅಲ್ಲಿ ಕಂಪ್ಯೂಟರ್ ಕೆಲಸದವಳಲ್ಲ. ಬೆಳಿಗ್ಗೆ ಎಂಟಕ್ಕೆ ಬಂದು ನೆಲ ಒರೆಸಿ, ಮೇಜು ಒರೆಸಿ, ದಿನಕ್ಕೆ ನಾಲ್ಕು ಸಲ ಟೀ ಮಾಡಿ, ಕಪ್ಪುಗಳನ್ನು ತೊಳೆದಿಟ್ಟು ಸಂಜೆ ಆರಕ್ಕೆ ಮನೆಗೆ ಹೋಗುವವಳು. ವಯಸ್ಸು ಇಪ್ಪತ್ತೆರಡು. ಆಳು ಗಿಡ್ಡ, ಮಾತು ಅದಕ್ಕಿಂತ ಗಿಡ್ಡ. ಮನೆಯಲ್ಲಿ ಪುಟ್ಟಿ ಅನ್ನುತ್ತಿದ್ದರು. ಆಫೀಸಿನವರಿಗೆ ಟೀ ಕೊಡುವ ಹೆಂಗಸರನ್ನು ಅಕ್ಕ ಎಂದೇ ಕರೆದು ರೂಢಿ. ಎರಡನ್ನೂ ಸೇರಿಸಿ ಪುಟ್ಟಕ್ಕ ಮಾಡಿಬಿಟ್ಟಿದ್ದರು.

ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು ಎನ್ನುವುದೇ ಆ ಕೆಲಸಕ್ಕೆ ಅವಳಿಗಿದ್ದ ಯೋಗ್ಯತೆ. "ನಾವು ದಿನಾ ಇದನ್ನೇ ನೋಡಿ ನೋಡಿ ಕಣ್ಣು ಸವೆದೋರು. ನಮಗೆ ಎಲ್ಲಾನೂ ಸುಲಭ ಅನ್ಸತ್ತೆ. ಪುಟ್ಟಕ್ಕನಿಗೆ ಬಂತು ಅಂದ್ರೆ ಊರಿಗೆಲ್ಲ ಬಂತು ಅಂತಾನೇ ತಿಳ್ಕೊಳಿ," ಎಂದು ಆಫೀಸಿನ ಯಜಮಾನರು ಬಂದ ಗಿರಾಕಿಗಳ ಮುಂದೆಲ್ಲ ಹೇಳುತ್ತಿದ್ದರು. ಹೇಳುವಾಗ ಅವಳ ಕಡೆ ಕೈ ತೋರಿಸುತ್ತಿದ್ದರು. ಅವಳು ಟ್ರೇ ಹಿಡಿದುಕೊಂಡು ನೆಲ ನೋಡುತ್ತಿದ್ದಳು.

ಪರೀಕ್ಷೆಗೆ ಒಂದು ಸಣ್ಣ ಕೋಣೆಯಿತ್ತು. ಒಂದು ಮೇಜು, ಒಂದು ಕಂಪ್ಯೂಟರು, ಅದರ ನೆತ್ತಿಯ ಮೇಲೆ ಒಂದು ಕ್ಯಾಮೆರಾ. ಉಳಿದವರು ಪಕ್ಕದ ಕೋಣೆಯಲ್ಲಿ ಗಾಜಿನ ಹಿಂದೆ ಕೂತು ಅವಳ ಕೈ ಎಲ್ಲಿ ಹೋಗುತ್ತದೆ, ಕಣ್ಣು ಎಲ್ಲಿ ಹೋಗುತ್ತದೆ ಎಂದು ನೋಡುವರು. "ಮನಸ್ಸಿಗೆ ಬಂದದ್ದನ್ನೆಲ್ಲ ಜೋರಾಗಿ ಹೇಳ್ತಾ ಇರು," ಎನ್ನುವುದು ನಿಯಮ. ಮನೆಯಲ್ಲೇ ಎರಡು ಮಾತಿಗೆ ಒಂದು ಮಾತು ನುಂಗುವ ಹುಡುಗಿಗೆ ಅದಕ್ಕಿಂತ ಕಷ್ಟದ ಕೆಲಸ ಬೇರೆ ಇರಲಿಲ್ಲ.

ಹಿಂದೊಮ್ಮೆ ಚಪ್ಪಲಿ ಅಂಗಡಿಯ ಪುಟಕ್ಕೆ ಕೂರಿಸಿದ್ದಾಗ ಅವಳು ಫೋನ್ ನಂಬರನ್ನು ಮಧ್ಯೆ ಜಾಗ ಬಿಟ್ಟು ಬರೆದಳು. 'ಅಮಾನ್ಯ ನಮೂದು' ಎಂದು ಕೆಂಪಗೆ ಬಂತು. ಅದರ ಅರ್ಥ ಅವಳಿಗೆ ತಿಳಿಯಲಿಲ್ಲ. ಮತ್ತೆ ಬರೆದಳು, ಮತ್ತೆ ಅದೇ. ಅಷ್ಟೇ ಅಲ್ಲ, ಪ್ರತಿ ಸಲವೂ ಅದು ಅವಳ ಹೆಸರು, ವಿಳಾಸ, ಕಾಲಿನ ಅಳತೆ ಎಲ್ಲವನ್ನೂ ಅಳಿಸಿಹಾಕುತ್ತಿತ್ತು. ನಾಲ್ಕನೇ ಸಲಕ್ಕೆ ಗಾಜಿನಾಚೆಯಿಂದ ಯಾರೋ ಪಕ್ಕನೆ ನಕ್ಕದ್ದು ಕೇಳಿಸಿತು.

ಆಮೇಲೆ ಆ ಆಫೀಸಿನ ಹಳೆಯ ಡಿಸೈನರ್, ಸದಾ ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡೇ ಇರುವ ಹೆಂಗಸು, ಪುಟ್ಟಕ್ಕ ಮನಸ್ಸಿನಲ್ಲೇ ಕನ್ನಡಕದಕ್ಕ ಎಂದು ಕರೆಯುತ್ತಿದ್ದವರು, ಅಡುಗೆ ಕಟ್ಟೆಯ ಹತ್ತಿರ ಬಂದು ಹೇಳಿದರು:

"ನಕ್ಕಿದ್ದು ನಿನ್ನ ನೋಡಿ ಅಲ್ಲ ಕಣಮ್ಮ, ನಮ್ಮ ಪೆದ್ದುತನ ನೋಡಿ. ನೀನು ತಪ್ಪಿದ್ರೆ ಅದು ನಿನ್ನ ತಪ್ಪಲ್ಲ, ನಮ್ದು. ನೀನು ಎಲ್ಲಿ ತಡವರಿಸ್ತೀಯೋ ಅಲ್ಲಿ ನಮ್ಗೆ ಕೆಲಸ."

ಮಾರನೇ ದಿನವೇ ಆ ಪುಟದಲ್ಲಿ ಕೆಂಪು ಸಾಲು ಹೋಗಿ 'ಅಂಕಿಗಳ ಮಧ್ಯೆ ಜಾಗ ಬಿಡಬೇಡಿ' ಎಂದು ಬಂದಿತ್ತು. ಬರೆದದ್ದು ಬರೆದ ಹಾಗೇ ಉಳಿಯುತ್ತಿತ್ತು. ಕನ್ನಡಕದಕ್ಕ ಹೇಳಿದ್ದು ಸುಳ್ಳಲ್ಲ. ಆದರೂ ಪುಟ್ಟಕ್ಕನ ಕಿವಿಯಲ್ಲಿ ಉಳಿದದ್ದು ಆ ಮಾತಲ್ಲ, ಆ ನಗು.

ಇಷ್ಟರಲ್ಲಿ ಮನೆಯಲ್ಲಿ ಅಮ್ಮನ ಕಣ್ಣು ಕೆಟ್ಟಿತು. ಅಮ್ಮ ಮನೆಯಲ್ಲೇ ಕೂತು ಬಟ್ಟೆಯ ಅಂಗಡಿಗೆ ಅಂಚು ಹೊಲಿದುಕೊಡುತ್ತಿದ್ದಳು. ಎಡಗಣ್ಣಿನ ಅಂಚಿನಿಂದ ಕತ್ತಲೆ ಒಳಗೆ ಬರುತ್ತಿದೆ ಎಂದು ಹೇಳತೊಡಗಿದಾಗ ಅಣ್ಣ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದ. ಕಣ್ಣಿನೊಳಗೆ ಒತ್ತಡ ಏರಿದೆ, ನರ ಸಾಯುತ್ತಿದೆ ಎಂದರು ಡಾಕ್ಟರು. "ಹೋದ ದೃಷ್ಟಿ ವಾಪಸ್ ಬರಲ್ಲ. ಇರೋದನ್ನ ಉಳಿಸ್ಕೊಬೇಕು. ಹನಿ ಹಾಕ್ತಾ ಇರಿ, ಆದ್ರೆ ಮೂರು ವಾರದೊಳಗೆ ಆಪರೇಷನ್ ಆಗ್ಲೇಬೇಕು," ಎಂದು ಚೀಟಿ ಬರೆದುಕೊಟ್ಟರು. ದಿನವನ್ನು ಮಾತ್ರ ಅವರು ಕೊಡುವಂತಿರಲಿಲ್ಲ. ಬರುವ ಸೋಮವಾರದಿಂದ ಎಲ್ಲ ದಿನಗಳೂ ಆಸ್ಪತ್ರೆಯ ಹೊಸ ವೆಬ್‌ಸೈಟಿನಲ್ಲೇ ಸಿಗುತ್ತವೆ, ಕಿಟಕಿಯಲ್ಲಿ ಬರೆದುಕೊಡುವುದು ನಿಲ್ಲುತ್ತದೆ ಎಂದರು.

ಆ ಹೊಸ ವೆಬ್‌ಸೈಟು ತಯಾರಾಗುತ್ತಿದ್ದದ್ದು ಪುಟ್ಟಕ್ಕನ ಆಫೀಸಿನಲ್ಲಿ.

ಮೂರು ವಾರದಿಂದ ಅದರ ಒಂದೊಂದು ಪುಟವನ್ನೂ ದೊಡ್ಡ ಹಾಳೆಯ ಮೇಲೆ ಅಚ್ಚು ಹಾಕಿಸಿ ಉದ್ದ ಗೋಡೆಗೆ ಸಾಲಾಗಿ ಅಂಟಿಸಿದ್ದರು. ಹಾಳೆಗಳ ಸುತ್ತ ಹಳದಿ, ಗುಲಾಬಿ ಚೀಟಿಗಳು, ಬಾಣದ ಗುರುತುಗಳು. ಪುಟ್ಟಕ್ಕ ದಿನಾ ಬೆಳಿಗ್ಗೆ ಆ ಗೋಡೆಯ ಬುಡ ಒರೆಸುತ್ತಿದ್ದಳು. ಬಿದ್ದ ಚೀಟಿಗಳನ್ನು ಹೆಕ್ಕಿ ಎಲ್ಲಿಂದ ಬಿದ್ದಿತ್ತೋ ಅಲ್ಲಿಗೇ ಅಂಟಿಸುತ್ತಿದ್ದಳು. ಅದಕ್ಕೆ ಅವಳು ಎಲ್ಲವನ್ನೂ ಓದಲೇಬೇಕಾಗುತ್ತಿತ್ತು. ಹೀಗೆ ಅವಳಿಗೆ ಮೊದಲ ಹಾಳೆಯಿಂದ ಕೊನೆಯ ಹಾಳೆಯವರೆಗೆ ಎಲ್ಲವೂ ಬಾಯಿಪಾಠವಾಗಿತ್ತು. ಅವಳಿಗೆ ಬಾಯಿಪಾಠವಾಗಿದೆ ಎಂಬುದು ಮಾತ್ರ ಯಾರ ತಲೆಗೂ ಹೊಳೆಯಲಿಲ್ಲ. ನೆಲ ಒರೆಸುವವಳು ಗೋಡೆ ಓದುತ್ತಾಳೆ ಎಂದು ಯಾರು ಅಂದುಕೊಳ್ಳುತ್ತಾರೆ?

ಕೊನೆಯ ಹಾಳೆಯ ಮುಂದೆ ದಿನವೂ ಜಗಳವಾಗುತ್ತಿತ್ತು. ದಿನ ಆರಿಸಿಕೊಂಡ ಮೇಲೆ ಒಂದು ದೊಡ್ಡ ಹಸಿರು ಟಿಕ್ ಗುರುತು, ಅದರ ಕೆಳಗೆ 'ನಿಮ್ಮ ದಿನ ಸಿದ್ಧ'. ಅದಕ್ಕೂ ಕೆಳಗೆ, ತುಂಬ ಕೆಳಗೆ, ತೆಳು ಬೂದು ಬಣ್ಣದಲ್ಲಿ 'ಖಚಿತಪಡಿಸಿ' ಎಂಬ ಒಂದೇ ಪದ. ಅದನ್ನು ಒತ್ತದಿದ್ದರೆ ಅರ್ಧ ಗಂಟೆಯಲ್ಲಿ ಆ ದಿನ ಬೇರೆಯವರ ಪಾಲಾಗುತ್ತದೆ.

"ಫೋನಲ್ಲಿ ನೋಡೋರಿಗೆ ಅದು ಪರದೆ ಒಳಗೇ ಬರಲ್ಲಪ್ಪಾ," ಎಂದರು ಕನ್ನಡಕದಕ್ಕ. "ಟಿಕ್ ನೋಡ್ತಾರೆ, ಆಯ್ತು ಅಂತ ಮುಚ್ಚಿಡ್ತಾರೆ."

ಪುಟ ಬಿಡಿಸಿದ್ದು ಗಡ್ಡದ ಡಿಸೈನರ್. ಅವನು ತಲೆ ಅಲ್ಲಾಡಿಸಿದ. "ಮೇಲೆ ತಂದ್ರೆ ಎಲ್ಲ ಒಂದರ ಮೇಲೊಂದು ಬೀಳತ್ತೆ ಮೇಡಂ. ಪುಟಕ್ಕೆ ಉಸಿರಾಡೋಕೆ ಜಾಗ ಬೇಕು."

"ಇದು ಉಸಿರಾಡೋಕಿರೋ ಪುಟ ಅಲ್ಲ, ಕಣ್ಣು ಮಂಜಾದೋರು ಓದೋ ಪುಟ. ಹೊರಗಿನ ಐದು ಜನರನ್ನ ಕರೆಸಿ ತೋರಿಸೋಣ. ವಯಸ್ಸಾದೋರನ್ನ."

"ಸೋಮವಾರ ಬಿಡ್ಬೇಕು, ಐದು ಜನರನ್ನ ಎಲ್ಲಿ ಹುಡ್ಕಲಿ?" ಯಜಮಾನರು ಗಡಿಯಾರ ನೋಡಿಕೊಂಡರು. "ಪುಟ್ಟಕ್ಕ ಇದಾಳಲ್ಲ. ಅವಳು ಅಲ್ಲಿ ನಿಂತ್ರೆ ಮೇಲೆ ತರೋಣ, ನಿಲ್ಲದಿದ್ರೆ ಹೀಗೇ ಇರ್ಲಿ. ಸರಿನಾ?"

ಪುಟ್ಟಕ್ಕ ಆಗ ಬಾಗಿಲ ಹತ್ತಿರ ಕಪ್ಪು ಜೋಡಿಸುತ್ತಿದ್ದಳು. ಎಲ್ಲವೂ ಕಿವಿಗೆ ಬಿತ್ತು. ಆದರೆ ಒಳಗೆ ಇಳಿದದ್ದು ಒಂದೇ: ಅವಳು ನಿಂತರೆ. ನಿಂತರೆ ಗಾಜಿನಾಚೆ ಮತ್ತೆ ಯಾರಾದರೂ ನಗಬಹುದು.

ಶುಕ್ರವಾರ ಆ ಸಣ್ಣ ಕೋಣೆಯಲ್ಲಿ ಕೂರಿಸಿದಾಗ ಅವಳು ನಿಲ್ಲಲಿಲ್ಲ. ಹೆಸರು, ವಯಸ್ಸು, ಚೀಟಿಯ ನಂಬರು, ಯಾವ ಕಣ್ಣು, ಯಾವ ದಿನ, ಎಲ್ಲವನ್ನೂ ಅಡುಗೆ ಕಟ್ಟೆಯಲ್ಲಿ ಡಬ್ಬಿಗೆ ಕೈ ಹಾಕಿದಷ್ಟು ಸಲೀಸಾಗಿ ಮಾಡಿದಳು. ಹಸಿರು ಟಿಕ್ ಬರುವಷ್ಟರಲ್ಲಿ ಅವಳ ಬೆರಳು ಪುಟವನ್ನು ಕೆಳಗೆ ಎಳೆದಾಗಿತ್ತು. ಬೂದು ಪದದ ಮೇಲೆ ಒತ್ತಿದಳು. ಮುಗಿಯಿತು.

ಪಕ್ಕದ ಕೋಣೆಯಲ್ಲಿ ಚಪ್ಪಾಳೆ. "ಎರಡು ನಿಮಿಷ ಹತ್ತು ಸೆಕೆಂಡು!" ಎಂದು ಗಡ್ಡದವನು ಕೂಗಿಕೊಂಡೇ ಹೊರಗೆ ಬಂದ. "ಪುಟ್ಟಕ್ಕ, ನೀನು ನನ್ನ ಮಾನ ಉಳಿಸಿದೆ ನೋಡು!"

ಕನ್ನಡಕದಕ್ಕ ಮಾತ್ರ ಹುಬ್ಬು ಗಂಟಿಕ್ಕಿಕೊಂಡು ಅವಳ ಹತ್ತಿರ ಬಂದರು. "ಆ ಪದ ಅಲ್ಲಿದೆ ಅಂತ ನಿಂಗೆ ಹೇಗೆ ಗೊತ್ತಾಯ್ತು?"

ಎಲ್ಲರೂ ಅವಳ ಮುಖವನ್ನೇ ನೋಡುತ್ತಿದ್ದರು. ಅಷ್ಟು ಜನ ಒಟ್ಟಿಗೆ ಅವಳನ್ನು ಮೆಚ್ಚಿಗೆಯಿಂದ ನೋಡಿದ್ದು ಅವಳ ಬದುಕಿನಲ್ಲೇ ಮೊದಲು.

"ಕಾಣಿಸ್ತು ಅಕ್ಕ," ಎಂದಳು.

ಕನ್ನಡಕದಕ್ಕ ಏನೋ ಹೇಳಲು ಹೊರಟು ಬಾಯಿ ಮುಚ್ಚಿಕೊಂಡರು. ಪುಟ ಹಾಗೆಯೇ ಹೋಯಿತು.

ಆ ಸಂಜೆ ಪುಟ್ಟಕ್ಕನ ಕಾಲು ನೆಲದ ಮೇಲಿರಲಿಲ್ಲ. ಮನೆಗೆ ಬಂದವಳೇ ಚಪ್ಪಲಿ ಬಿಡುವ ಮೊದಲೇ ಅಮ್ಮನಿಗೆ ಹೇಳಿದಳು. "ಅಮ್ಮಾ, ನಿಂಗೆ ದಿನ ತಗೊಳೋದು ಏನೂ ಕಷ್ಟ ಇಲ್ಲ. ನಾನೇ ಎರಡು ನಿಮಿಷದಲ್ಲಿ ಮಾಡಿ ತೋರಿಸ್ದೆ. ಎಲ್ರೂ ಚಪ್ಪಾಳೆ ಹೊಡೆದ್ರು."

"ನಿಜವಾಗ್ಲೂ?" ಎಂದಳು ಅಮ್ಮ.

ಒಲೆಯ ಹತ್ತಿರವಿದ್ದ ಅತ್ತಿಗೆ ತಿರುಗಿ ನೋಡಿದಳು. ಅತ್ತಿಗೆ ಹತ್ತನೇ ಕ್ಲಾಸು ಮುಗಿಸಿದವಳು. ಮನೆಗೆ ಬರುವ ಕಾಗದ ಪತ್ರವೆಲ್ಲ ಅವಳ ಕೈಯಲ್ಲೇ. "ಏನಮ್ಮಾ, ನಮ್ಮ ಪುಟ್ಟಿ ದೊಡ್ಡ ಆಫೀಸರ್ ಆಗ್ಬಿಟ್ಲು! ಹಾಗಾದ್ರೆ ನಾನು ಒಂದೇ ನಿಮಿಷದಲ್ಲಿ ಮಾಡ್ತೀನಿ ಬಿಡು," ಎಂದಳು. ಎಲ್ಲರೂ ನಕ್ಕರು. ಪುಟ್ಟಕ್ಕನೂ ನಕ್ಕಳು. ಕೆಳಗೆ ಒಂದು ಬೂದು ಪದವಿದೆ ಎಂದು ಹೇಳಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ. ಮೂರು ವಾರ ದಿನವೂ ಕಂಡದ್ದು ಅದು. ಅವಳ ಮಟ್ಟಿಗೆ ಅದು ಮನೆಯ ಬಾಗಿಲಿನಷ್ಟು ಕಣ್ಣಿಗೆ ಹೊಡೆಯುವ ವಸ್ತುವಾಗಿತ್ತು.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ದಿನಗಳು ತೆರೆಯುವುದಿತ್ತು. ಮನೆಯಲ್ಲಿ ಇಂಟರ್‌ನೆಟ್ ಇದ್ದ ಫೋನು ಒಂದೇ, ಅಣ್ಣನದು. ಗೋದಾಮಿನ ಕೆಲಸಕ್ಕೆ ಹೋಗುವಾಗ ಅವನು ಅದನ್ನು ಅತ್ತಿಗೆಯ ಕೈಗೆ ಕೊಟ್ಟು ಹೋದ. ಪುಟ್ಟಕ್ಕ ಆಫೀಸಿಗೆ ಹೋದಳು. ಅವತ್ತು ಹೊಸ ವೆಬ್‌ಸೈಟಿನ ಸಂಭ್ರಮ, ಎರಡು ಸಲ ಹೆಚ್ಚಿಗೆ ಟೀ.

ಸಂಜೆ ಅತ್ತಿಗೆ ಬಾಗಿಲಲ್ಲೇ ಸಿಕ್ಕಳು. "ಆಯ್ತು ಕಣೇ. ಬರೋ ವಾರದ ಗುರುವಾರ ಬೆಳಿಗ್ಗೆ. ಹತ್ತು ಗಂಟೆ ಎರಡು ನಿಮಿಷಕ್ಕೆಲ್ಲ ಮುಗಿಸ್ದೆ."

"ನಂಬರ್ ಬಂತಾ ಅತ್ತಿಗೆ?"

"ಯಾವ ನಂಬರು?"

"ಖಚಿತ ಆದ್ಮೇಲೆ ಒಂದು ನಂಬರ್ ಬರತ್ತಲ್ಲ, ಎಂಟು ಅಂಕಿದು."

"ನಂಬರ್ ಗಿಂಬರ್ ಏನೂ ಬರ್ಲಿಲ್ಲ. ಇಷ್ಟು ದೊಡ್ಡ ಹಸಿರು ಟಿಕ್ ಬಂತು. ನಿಮ್ಮ ದಿನ ಸಿದ್ಧ ಅಂತ ಬಂತು. ಇನ್ನೇನು, ಡೋಲು ಬಡೀಬೇಕಾ?"

ಪುಟ್ಟಕ್ಕ ಫೋನು ಇಸಿದುಕೊಂಡು ಚೀಟಿಯ ನಂಬರು ಹಾಕಿ ನೋಡಿದಳು. ಅಮ್ಮನ ಹೆಸರಿನಲ್ಲಿ ಏನೂ ಇರಲಿಲ್ಲ. ಗುರುವಾರ ಹೋಗಿತ್ತು. ಆ ವಾರ, ಅದರ ಮುಂದಿನ ವಾರ, ಅದರ ಮುಂದಿನದೂ ಹೋಗಿದ್ದವು. ಬೆರಳಿನಿಂದ ಸರಿಸುತ್ತ ಹೋದಳು. ಮೊದಲು ಸಿಕ್ಕ ಖಾಲಿ ದಿನ ಏಳು ವಾರದಾಚೆ ಇತ್ತು. ಅದನ್ನೇ ಒತ್ತಿದಳು, ಹಸಿರು ಟಿಕ್ ಬಂತು, ಕೆಳಗೆ ಎಳೆದು ಬೂದು ಪದ ಒತ್ತಿದಳು. ಎಂಟು ಅಂಕಿ ಬಂದವು.

ಅತ್ತಿಗೆ ಅವಳ ಭುಜದ ಮೇಲಿಂದ ನೋಡುತ್ತಿದ್ದವಳು ಮೆತ್ತಗೆ ಕೇಳಿದಳು: "ಅದು ಅಲ್ಲಿತ್ತಾ?"

ಅಣ್ಣ ಬಂದ ಮೇಲೆ ಮನೆ ಹೊತ್ತಿಕೊಂಡಿತು. "ಏಳನೇ ಕ್ಲಾಸ್ ಓದಿರೋಳು ಎರಡು ನಿಮಿಷದಲ್ಲಿ ಮಾಡ್ತಾಳೆ, ನಿಂಗೆ ಬರಲ್ವಾ? ಓದಿದೀನಿ ಓದಿದೀನಿ ಅಂತ ಮೆರೀತಿದ್ದೆಯಲ್ಲ, ಇದೇನಾ ಓದಿದ್ದು?"

"ನಂದೇ ತಪ್ಪು ರೀ," ಎಂದಳು ಅತ್ತಿಗೆ. "ಪೂರ್ತಿ ನೋಡ್ಬೇಕಿತ್ತು."

"ನಿನ್ನ ತಪ್ಪಲ್ದೆ ಇನ್ಯಾರದು? ಅಮ್ಮನ ಕಣ್ಣು ಹೋದ್ರೆ ನೀನು ತಂದ್ಕೊಡ್ತೀಯಾ?"

ಪುಟ್ಟಕ್ಕ ಗೋಡೆಗೆ ಒರಗಿ ಕೂತಿದ್ದಳು. ಒಂದೇ ಒಂದು ಮಾತು ಹೇಳಿದರೆ ಸಾಕಿತ್ತು. ನನಗೆ ಮೊದಲೇ ಗೊತ್ತಿತ್ತು, ಗೋಡೆಯ ಮೇಲೆ ನೋಡಿದ್ದೆ, ಇಲ್ಲದಿದ್ದರೆ ನನಗೂ ಸಿಗುತ್ತಿರಲಿಲ್ಲ. ಅಣ್ಣ ಅವಳ ಕಡೆ ತಿರುಗಿ, "ಇವಳ ಕೈಗೆ ಕೊಟ್ಟು ಹೋಗಿದ್ರೆ ಆಗ್ತಿತ್ತು," ಎಂದ. ಅಣ್ಣನ ಬಾಯಿಂದ ಆ ಥರ ಹೊಗಳಿಕೆ ಅವಳು ಕೇಳಿದ್ದಿಲ್ಲ. ಮಾತನ್ನು ನುಂಗಿದಳು.

ಮಾರನೇ ದಿನ ಅರ್ಧ ದಿನ ರಜೆ ಕೇಳಿ ಅಮ್ಮನನ್ನು ಕರೆದುಕೊಂಡು ಆಸ್ಪತ್ರೆಗೆ ಹೋದಳು. ದಿನ ಬರೆದುಕೊಡುತ್ತಿದ್ದ ಕಿಟಕಿಯ ಹಿಂದೆ ಗುಮಾಸ್ತೆ ಇನ್ನೂ ಕೂತಿದ್ದಳು, ಮುಂದೆ ರಿಜಿಸ್ಟರ್ ಮಾತ್ರ ಇರಲಿಲ್ಲ. ಕಿಟಕಿಯ ಗಾಜಿಗೆ ಹೊಳೆಯುವ ಕಾಗದವೊಂದನ್ನು ಅಂಟಿಸಿದ್ದರು: 'ಎರಡೇ ನಿಮಿಷದಲ್ಲಿ ನಿಮ್ಮ ದಿನ! ಯಾರು ಬೇಕಾದರೂ ಮಾಡಬಹುದು!' ಪುಟ್ಟಕ್ಕ ಅದನ್ನು ಓದಿ, ಅಮ್ಮನಿಗೆ ಓದು ಬರುವುದಿಲ್ಲವಲ್ಲ ಎಂದು ಮೊದಲ ಸಲ ಸಮಾಧಾನಪಟ್ಟಳು.

"ನನ್ನ ಕೈಲಿ ಏನೂ ಇಲ್ಲಮ್ಮ," ಎಂದಳು ಗುಮಾಸ್ತೆ. "ಬರೆಯೋ ಹಾಗಿಲ್ಲ. ಬೆಳಿಗ್ಗೆಯಿಂದ ನೀವು ಹನ್ನೊಂದನೆಯವರು. ವೆಬ್‌ಸೈಟಲ್ಲೇ ನೋಡ್ತಾ ಇರಿ, ಯಾರಾದ್ರೂ ಬಿಟ್ರೆ ಸಿಗತ್ತೆ."

ಹಿಂದೆ ನಿಂತಿದ್ದ ಮುದುಕರೊಬ್ಬರು ತಾವಾಗಿಯೇ ಹೇಳಿಕೊಂಡರು: "ನಮ್ದೇ ತಪ್ಪಮ್ಮ. ನಮಗೆ ಈ ಫೋನು ಗೀನು ತಿಳಿಯಲ್ಲ. ಅವರೇನೋ ಸುಲಭವಾಗೇ ಮಾಡಿಟ್ಟಿದಾರಂತೆ."

ಪುಟ್ಟಕ್ಕ ಅವರ ಮುಖ ನೋಡದೆ ಅಮ್ಮನ ಕೈ ಹಿಡಿದು ಹೊರಗೆ ಬಂದಳು.

ಹತ್ತು ದಿನದ ಮೇಲೆ, ಶುಕ್ರವಾರ, ಆಸ್ಪತ್ರೆಯ ವ್ಯವಸ್ಥಾಪಕರು ಆಫೀಸಿಗೆ ಬಂದರು. ಟೈ ಕಟ್ಟಿದ, ಕರವಸ್ತ್ರದಲ್ಲಿ ಆಗಾಗ ಕುತ್ತಿಗೆ ಒರೆಸಿಕೊಳ್ಳುವ ಮನುಷ್ಯ. ಪುಟ್ಟಕ್ಕ ಟೀ ತೆಗೆದುಕೊಂಡು ಹೋದಾಗ ಅವರು ಮೇಜು ಕುಟ್ಟುತ್ತಿದ್ದರು.

"ನಿನ್ನೆ ಒಂದೇ ದಿನ ಹದಿನೆಂಟು ಜನ ಬಂದ್ರು ಸ್ವಾಮೀ. ರಾತ್ರಿಯಿಂದ ಹೊಟ್ಟೆಗೇನೂ ತಗೊಳ್ದೆ, ಆಪರೇಷನ್‌ಗೆ ಅಂತ ತಯಾರಾಗಿ ಬಂದಿದಾರೆ. ಒಬ್ಬರ ಹೆಸರೂ ಪಟ್ಟಿಲಿಲ್ಲ! ವಾಪಸ್ ಕಳಿಸಿದ್ದಕ್ಕೆ ನಮ್ಮ ಬಾಗಿಲಲ್ಲಿ ಗಲಾಟೆ. ಏನ್ ವೆಬ್‌ಸೈಟ್ ಮಾಡಿಕೊಟ್ಟಿದೀರಿ ನೀವು?"

"ಒಂದು ನಿಮಿಷ," ಎಂದರು ಯಜಮಾನರು, ಬಿಸಿಯಾಗದೆ. "ಬಾಯಲ್ಲಿ ಹೇಳೋದಕ್ಕಿಂತ ತೋರಿಸ್ತೀನಿ."

ಗೋಡೆಯ ದೊಡ್ಡ ಪರದೆಯ ಮೇಲೆ ಪುಟ್ಟಕ್ಕ ಬಂದಳು. ಸಣ್ಣ ಕೋಣೆ, ಮೇಜು, ಅವಳ ಗಿಡ್ಡ ಕೈಗಳು. ಮೂಲೆಯಲ್ಲಿ ಸೆಕೆಂಡುಗಳು ಓಡುತ್ತಿದ್ದವು. ಟ್ರೇ ಹಿಡಿದ ಪುಟ್ಟಕ್ಕ ಬಾಗಿಲ ಬಳಿ ನಿಂತು, ಪರದೆಯ ಪುಟ್ಟಕ್ಕ ಮೌಸನ್ನು ಬೆಣ್ಣೆಯ ಮೇಲೆ ಎಳೆದಂತೆ ಎಳೆಯುವುದನ್ನು ನೋಡಿದಳು.

"ಇವಳು ನಮ್ಮಲ್ಲಿ ನೆಲ ಒರೆಸೋಳು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟೋಳು. ಕಂಪ್ಯೂಟರ್ ಗಂಧ ಇಲ್ಲ. ನೋಡಿ, ಎರಡು ನಿಮಿಷ ಹತ್ತು ಸೆಕೆಂಡು. ಇವಳಿಗೆ ಬಂದದ್ದು ಜನಕ್ಕೆ ಬರ್ಲಿಲ್ಲ ಅಂದ್ರೆ, ಪುಟದ ತಪ್ಪು ಅನ್ನೋಕಾಗಲ್ಲ. ಜನ ಗಮನ ಕೊಟ್ಟು ಓದಲ್ಲ, ಅಷ್ಟೇ."

ವ್ಯವಸ್ಥಾಪಕರು ಕುತ್ತಿಗೆ ಒರೆಸಿಕೊಂಡರು. "ಅದೂ ನಿಜ ಅನ್ನಿ. ನಮ್ಮ ಜನಕ್ಕೆ ಎಲ್ಲದಕ್ಕೂ ಅವಸರ."

ಅತ್ತಿಗೆ ಅವಸರ ಮಾಡಿರಲಿಲ್ಲ. ಹತ್ತು ಗಂಟೆಗೆ ಮೊದಲೇ ಕೈಕಾಲು ತೊಳೆದು, ಚೀಟಿಯನ್ನು ಮೊಣಕಾಲ ಮೇಲೆ ಬಿಡಿಸಿಟ್ಟುಕೊಂಡು ಕಾದಿದ್ದಳಂತೆ, ಅಮ್ಮ ಹೇಳಿದ್ದಳು.

"ಸರ್," ಎಂದಳು ಪುಟ್ಟಕ್ಕ.

ಯಾರಿಗೂ ಕೇಳಿಸಲಿಲ್ಲ. ಮತ್ತೊಮ್ಮೆ ಹೇಳಿದಳು. ಯಜಮಾನರು ತಿರುಗಿದರು. "ಸಕ್ಕರೆ ಬೇಡ್ವಂತಮ್ಮ ಅವರಿಗೆ. ಇಟ್ಟು ಹೋಗು."

"ನಂಗೆ ಮೊದ್ಲೇ ಗೊತ್ತಿತ್ತು ಸರ್. ಅದು ಕೆಳಗಿದೆ ಅಂತ. ದಿನಾ ಗೋಡೆ ಮೇಲೆ ನೋಡ್ತಿದ್ದೆ. ಮೂರು ವಾರ." ಟ್ರೇಯನ್ನು ಮೇಜಿನ ಮೇಲಿಟ್ಟಳು. "ಗೊತ್ತಿಲ್ದಿದ್ರೆ ನಂಗೂ ಸಿಗ್ತಿರ್ಲಿಲ್ಲ. ನಮ್ಮತ್ತಿಗೆಗೆ ಸಿಗ್ಲಿಲ್ಲ. ನಮ್ಮಮ್ಮನ ದಿನ ಹೋಯ್ತು."

ಮೊದಲು ಚೇತರಿಸಿಕೊಂಡವರು ವ್ಯವಸ್ಥಾಪಕರು. ಅವರ ಮುಖ ಅರಳಿದ್ದನ್ನು ಪುಟ್ಟಕ್ಕ ನೋಡಿದಳು. "ಓಹೋ! ಉತ್ತರ ನೋಡಿಟ್ಟುಕೊಂಡೋಳನ್ನ ಪರೀಕ್ಷೆಗೆ ಕೂರಿಸಿದ್ರಾ? ಹಾಗಾದ್ರೆ ನಮ್ಮ ಮೇಲೆ ಯಾಕೆ ಹಾಕ್ತಿದ್ರಿ? ಇದನ್ನ ಬರವಣಿಗೇಲಿ ಕೊಡಿ ನಂಗೆ."

"ಕೊನೇ ಪುಟಕ್ಕೆ ಒಪ್ಪಿಗೆ ಹಾಕಿದ್ದು ನೀವೇ ಅಲ್ವಾ?" ಎಂದರು ಯಜಮಾನರು. ಅಲ್ಲಿಂದ ಮಾತು ಒಪ್ಪಿಗೆಯ ಮೇಲೆ ಹೋಯಿತು, ಯಾವ ದಿನ ಯಾರು ಯಾರಿಗೆ ಏನು ಬರೆದಿದ್ದರು ಎಂಬುದರ ಮೇಲೆ ಹೋಯಿತು. ಹೊಟ್ಟೆಗಿಲ್ಲದೆ ಬಂದು ವಾಪಸ್ಸು ಹೋದ ಹದಿನೆಂಟು ಜನರನ್ನು ಆ ಮೇಲೆ ಒಬ್ಬರೂ ನೆನೆಯಲಿಲ್ಲ. ಟೀ ಆರಿತು.

ಪುಟ್ಟಕ್ಕ ಸಿಂಕಿನ ಮುಂದೆ ನಿಂತು ತೊಳೆದ ಕಪ್ಪನ್ನೇ ಮತ್ತೆ ತೊಳೆಯುತ್ತಿದ್ದಾಗ ಕನ್ನಡಕದಕ್ಕ ಬಂದರು. ನಲ್ಲಿ ನಿಲ್ಲಿಸಿದರು.

"ನನ್ನ ಬೈಯಿರಿ ಅಕ್ಕ," ಎಂದಳು ಪುಟ್ಟಕ್ಕ. "ಅವತ್ತು ನೀವು ಕೇಳ್ದಾಗ ಸುಳ್ಳು ಹೇಳ್ದೆ."

"ನಂಗೆ ಗೊತ್ತಿತ್ತು."

ಪುಟ್ಟಕ್ಕ ತಲೆ ಎತ್ತಿದಳು.

"ಟಿಕ್ ಬರೋಕೆ ಮೊದ್ಲೇ ನಿನ್ನ ಕೈ ಕೆಳಗೆ ಹೋಗಿತ್ತು. ಗೊತ್ತಿಲ್ದೋರು ಹಾಗೆ ಮಾಡಲ್ಲ. ಇಪ್ಪತ್ತು ವರ್ಷದಿಂದ ಜನರ ಕೈ ನೋಡ್ತಿದೀನಿ, ಅಷ್ಟು ತಿಳಿಯಲ್ವಾ ನಂಗೆ?" ಕನ್ನಡಕವನ್ನು ತಲೆಯಿಂದ ತೆಗೆದು ಸೆರಗಿನಲ್ಲಿ ಒರೆಸಿದರು, ಹಾಕಿಕೊಳ್ಳಲಿಲ್ಲ. "ಅವತ್ತು ಶುಕ್ರವಾರ ಸಂಜೆ, ಸೋಮವಾರ ಬಿಡ್ಬೇಕು, ಎಲ್ರೂ ಚಪ್ಪಾಳೆ ಹೊಡೀತಿದ್ರು. ಇನ್ನೊಂದು ಜಗಳ ಯಾಕೆ ಅಂತ ಸುಮ್ಮನಾದೆ. ನಿಂಗಾದ್ರೆ ನಾಚಿಕೆ. ನಂಗೇನಿತ್ತು ಹೇಳು?"

ಪುಟ್ಟಕ್ಕ ಕೇಳಿದ್ದು ಬೇರೆ. "ನಮ್ಮಮ್ಮನಿಗೆ ಬೇಗದ ದಿನ ಸಿಗತ್ತಾ ಅಕ್ಕ?"

ಕನ್ನಡಕದಕ್ಕ ಅಲ್ಲಿಂದಲೇ ಹೋಗಿ, ಮೆಟ್ಟಿಲಿಳಿಯುತ್ತಿದ್ದ ವ್ಯವಸ್ಥಾಪಕರನ್ನು ನಿಲ್ಲಿಸಿ ಕೇಳಿದರು. ಅವರು ಚೀಟಿಯ ನಂಬರನ್ನೂ ಬರೆದುಕೊಳ್ಳಲಿಲ್ಲ. "ಒಬ್ಬರಿಗೆ ಮಾಡಿದ್ರೆ ಎಲ್ರಿಗೂ ಮಾಡ್ಬೇಕಾಗತ್ತೆ ಮೇಡಂ. ವೆಬ್‌ಸೈಟಲ್ಲಿ ನೋಡ್ತಾ ಇರೋಕೆ ಹೇಳಿ."

ಅದೇ ಮಧ್ಯಾಹ್ನ ಯಾರನ್ನೂ ಕೇಳದೆ ಕನ್ನಡಕದಕ್ಕ ಕೊನೆಯ ಪುಟ ತೆಗೆದು ಕೂತರು. ಹಸಿರು ಟಿಕ್ ತೆಗೆದರು. ಆ ಜಾಗದಲ್ಲಿ ದಪ್ಪ ಅಕ್ಷರದಲ್ಲಿ 'ನಿಮ್ಮ ದಿನ ಇನ್ನೂ ಖಚಿತವಾಗಿಲ್ಲ' ಎಂದು ಬರೆದು, ಅದರ ಕೆಳಗೇ ಬೆರಳಿನಷ್ಟು ಅಗಲದ ಗಾಢ ಪಟ್ಟಿಯಲ್ಲಿ 'ಖಚಿತ ಮಾಡಲು ಇಲ್ಲಿ ಒತ್ತಿ' ಎಂದು ಹಾಕಿದರು. ಗೋಡೆಯನ್ನು ಎಂದೂ ನೋಡದ ಕೆಳ ಅಂತಸ್ತಿನ ಕಾವಲುಗಾರನನ್ನು ಕರೆಸಿ ಕೂರಿಸಿದರು. ಅವನು ಒತ್ತಿದ. ಅವನ ಹೆಂಡತಿಗೆ ಫೋನಿನಲ್ಲಿ ಕಳಿಸಿದರು. ಅವಳೂ ಒತ್ತಿದಳು. ಮೂರು ವಾರ ಜಗಳವಾಡಿದ್ದ ಸಂಗತಿ ಇಪ್ಪತ್ತು ನಿಮಿಷದಲ್ಲಿ ಸರಿಯಾಯಿತು. ಪುಟ್ಟಕ್ಕ ಟೀ ಇಡಲು ಹೋದಾಗ ಅದನ್ನು ನೋಡಿದಳು. ಇಷ್ಟು ಸುಲಭವಿತ್ತಲ್ಲ ಎಂದುಕೊಂಡಳು.

ಅವಳ ಕೆಲಸ ಹೋಗಲಿಲ್ಲ. ಯಜಮಾನರು ಸಂಜೆ ಕರೆದು, ದನಿ ಏರಿಸದೆ, "ಇನ್ಮೇಲೆ ನೆಲ ನೋಡ್ಕೋ ಸಾಕು. ಗೋಡೆ ಉಸಾಬರಿ ನಿಂಗೆ ಬೇಡ," ಎಂದರು. ಆ ಸಣ್ಣ ಕೋಣೆಗೆ ಅವಳನ್ನು ಮತ್ತೆ ಯಾರೂ ಕರೆಯಲಿಲ್ಲ.

ಆಫೀಸಿನಲ್ಲಿ ಹೇಳಿದ ಮಾತನ್ನು ಮನೆಯಲ್ಲಿ ಹೇಳಲು ಮಾತ್ರ ಅವಳಿಗೆ ಆಗಲಿಲ್ಲ. ಹೊರಗಿನವರ ಎದುರು ಒಮ್ಮೆ ಬಾಯಿ ಬಿಟ್ಟರೆ ಮುಗಿಯಿತು, ಮನೆಯವರ ಎದುರು ಹೇಳಿದರೆ ಮಾರನೇ ದಿನವೂ ಅವರ ಮುಖವನ್ನೇ ನೋಡಬೇಕು. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎನ್ನುತ್ತ ದಿನ ತಳ್ಳಿದಳು. ಅಣ್ಣ ಅತ್ತಿಗೆಯ ಜೊತೆ ಬೇಕು, ಬೇಡ ಎಂಬಷ್ಟೇ ಮಾತಾಡುತ್ತಿದ್ದ. ಮನೆಗೆ ಕಾಗದ ಬಂದರೆ ಅತ್ತಿಗೆ ಈಗ ಕೈಯೊಡ್ಡುತ್ತಿರಲಿಲ್ಲ. "ಪುಟ್ಟಿ ಬರ್ಲಿ, ಓದ್ತಾಳೆ," ಎನ್ನುತ್ತಿದ್ದಳು. ಅಮ್ಮನ ಕಣ್ಣಿಗೆ ದಿನಕ್ಕೆ ನಾಲ್ಕು ಸಲ ಹನಿ ಹಾಕುವುದು, ಕೈ ಹಿಡಿದು ಬಚ್ಚಲಿಗೆ ಕರೆದೊಯ್ಯುವುದು ಎಲ್ಲ ಅತ್ತಿಗೆಯೇ ಮಾಡುತ್ತಿದ್ದಳು, ಶಿಕ್ಷೆ ಅನುಭವಿಸುವವಳ ಹಾಗೆ.

ಪುಟ್ಟಕ್ಕ ದಿನಾ ಫೋನು ಇಸಿದುಕೊಂಡು ಯಾರಾದರೂ ದಿನ ಬಿಟ್ಟಿದ್ದಾರೆಯೇ ಎಂದು ನೋಡುತ್ತಿದ್ದಳು. ಯಾರೂ ಬಿಡಲಿಲ್ಲ.

ಏಳು ವಾರದ ಮೇಲೆ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದ ದಿನ ಡಾಕ್ಟರು ಅಮ್ಮನ ಎಡಗಣ್ಣಿನ ಮುಂದೆ ಬೆರಳು ಆಡಿಸಿದರು. ದೀಪ ತೋರಿಸಿದರು. ಕೊನೆಗೆ ಚೀಟಿಯ ಮೇಲೆ ಬರೆಯುತ್ತ, "ಒತ್ತಡ ಇಳಿದಿದೆ, ನೋವು ಇರಲ್ಲ. ದೃಷ್ಟಿ ಮಾತ್ರ ಇಷ್ಟರಲ್ಲೇ ಹೋಗಿಬಿಟ್ಟಿದೆ. ಸ್ವಲ್ಪ ಮುಂಚೆ ಬಂದಿದ್ರೆ ನೋಡಬಹುದಿತ್ತು," ಎಂದರು. ಅವರಿಗೆ ಅದು ದಿನವೂ ಹೇಳುವ ಮಾತು.

ಮನೆಗೆ ಬಂದು ಅಮ್ಮನನ್ನು ಮಲಗಿಸಿದ ಮೇಲೆ ಅತ್ತಿಗೆ ಮಹಡಿಯ ಮೇಲೆ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ಪುಟ್ಟಕ್ಕ ಹಿಂದೆಯೇ ಹತ್ತಿ ಹೋದಳು. ಹಗ್ಗದ ಈ ಬದಿಯಲ್ಲಿ ನಿಂತು, ಹಾಸಿಗೆಯ ಹೊದಿಕೆಯ ಮರೆಯಿಂದ, ಎಲ್ಲವನ್ನೂ ಹೇಳಿದಳು. ಗೋಡೆ, ಚೀಟಿ, ಚಪ್ಪಾಳೆ, ಕಾಣಿಸಿತು ಎಂದದ್ದು.

ಅತ್ತಿಗೆ ಹೊದಿಕೆಯನ್ನು ಎಳೆದುಕೊಂಡಳು. ಇಬ್ಬರ ಮಧ್ಯೆ ಏನೂ ಉಳಿಯಲಿಲ್ಲ.

"ನಿಮ್ಮಣ್ಣ ನನ್ನ ಬೈದಾಗ ನೀನು ಅಲ್ಲೇ ಕೂತಿದ್ದೆ."

"ಹೂಂ."

"ಏಳು ವಾರ."

"ಹೂಂ ಅತ್ತಿಗೆ."

"ನಾನು ಪೆದ್ದಿ ಅಂತ ನಾನೇ ನಂಬ್ಕೊಂಡ್ಬಿಟ್ಟಿದ್ದೆ ಕಣೇ," ಎಂದಳು ಅತ್ತಿಗೆ. ಅಳಲಿಲ್ಲ. ಹೊದಿಕೆಯನ್ನು ಮಡಿಸುತ್ತ ಹೋದಳು, ಮಡಿಸಲು ಜಾಗವಿಲ್ಲದಷ್ಟು ಚಿಕ್ಕದಾಗುವವರೆಗೆ. "ಇವತ್ತು ಅವರ ಮುಂದೆ ಹೇಳು. ಅಮ್ಮನ ಮುಂದೆಯೂ ಹೇಳು. ನಾನು ಹೇಳಲ್ಲ. ನೀನೇ ಹೇಳು."

ಅಣ್ಣ ಬಂದ ಮೇಲೆ ಹೇಳಿದಳು. ಅಣ್ಣ ಕೇಳಿ ಮುಗಿಸಿ, ಅತ್ತಿಗೆಯ ಕಡೆ ಒಮ್ಮೆ ನೋಡಿದ. ತಪ್ಪಾಯಿತು ಎನ್ನಲಿಲ್ಲ. ಪುಟ್ಟಕ್ಕನ ಕಡೆ ತಿರುಗಿ ಬಾಯಿ ತೆರೆದ. ಏಳು ವಾರದ ಹಿಂದೆ ಅತ್ತಿಗೆಯ ಮೇಲೆ ಬಿದ್ದ ಮಾತುಗಳೇ ಈಗ ತನ್ನ ಮೇಲೆ ಬೀಳುತ್ತವೆ ಎಂದು ಪುಟ್ಟಕ್ಕ ತಲೆ ಬಗ್ಗಿಸಿ ನಿಂತಳು.

"ಸಾಕು ಕಣೋ," ಎಂದಳು ಅಮ್ಮ, ಮಲಗಿದಲ್ಲಿಂದಲೇ. "ಒಬ್ಬಳು ಸುಮ್ಮನಿದ್ಲು, ಒಬ್ಬಳು ನಂಬಿದ್ಲು, ನೀನು ಕೂಗಾಡ್ದೆ. ಹೋಗಿದ್ದು ನನ್ನ ಕಣ್ಣು. ಯಾರ ತಪ್ಪು ಅಂತ ತಿಳ್ಕೊಂಡು ನಂಗೇನಾಗ್ಬೇಕು? ಊಟಕ್ಕೆ ಹಾಕಿ."

ಅತ್ತಿಗೆ ತಟ್ಟೆಗಳನ್ನಿಟ್ಟಳು. ಅಮ್ಮ ಎದ್ದು ಕೂತು, ಬಲಗಣ್ಣಿಗೆ ಎಲ್ಲರೂ ಕಾಣುವಂತೆ ಗೋಡೆಯ ಕಡೆ ಸರಿದಳು. ಅಣ್ಣ ಅವಳ ಎದುರು ಕೂತ, ಅತ್ತಿಗೆ ಬಲಕ್ಕೆ. ಪುಟ್ಟಕ್ಕ ತನ್ನ ತಟ್ಟೆ ಎತ್ತಿಕೊಂಡು ಅಮ್ಮನ ಎಡಗಡೆಗೆ, ಕಾಣದ ಕಣ್ಣಿನ ಬದಿಗೆ, ಹೋಗಿ ಕೂತಳು. ಅಮ್ಮ ತಿರುಗಿ ನೋಡಲಿಲ್ಲ.